ನೂರಕ್ಕೆ ನಾಲ್ಕು ಚಿಟ್ಟೆ

"ಕಂಡದ್ದೋ, ಕೇಳಿದ್ದೋ?" ಹೊಳೆನರಸೀಪುರದಲ್ಲಿ ಪರಮಶಿವಯ್ಯ ಮೇಷ್ಟ್ರ ಎದುರು ಬಾಯಿ ತೆರೆದವರು ಯಾರೇ ಆಗಲಿ, ಈ ಪ್ರಶ್ನೆಗೆ ಸುಂಕ ಕಟ್ಟಿಯೇ ಮುಂದೆ ಹೋಗಬೇಕಾಗಿತ್ತು. ಹೊಳೆಗೆ ಹೊಸನೀರು ಬಂತು ಎಂದರೂ ಅದೇ, ಭತ್ತದ ಧಾರಣೆ ಇಳಿಯಿತು ಎಂದರೂ ಅದೇ. ಒಂದು ಬೆಳಿಗ್ಗೆ ಅವರ ಹೆಂಡತಿ ಶಿವಗಂಗಮ್ಮನವರು ಅಡುಗೆಮನೆಯಿಂದ "ಹಾಲು ಒಡೆದುಹೋಯ್ತು ಕಣ್ರೀ" ಎಂದಾಗ, ಹಜಾರದಲ್ಲಿದ್ದ ಮೇಷ್ಟ್ರು ಅಭ್ಯಾಸಬಲದಿಂದ ಅದನ್ನೇ ಕೇಳಿ, "ಮೂರನೇದೂ ಒಂದಿದೆ, ಬನ್ನಿ, ಕುಡಿದು ನೋಡಿ" ಎಂಬ ಉತ್ತರ ಪಡೆದಿದ್ದರು. ಈ ಪ್ರಸಂಗವನ್ನು ಅವರೇ ತರಗತಿಯಲ್ಲಿ ಹೇಳಿ, "ನೋಡ್ರಪ್ಪ, ಪ್ರಯೋಗ ಅಂದ್ರೆ ಅದು" ಎಂದು ಮುಗಿಸುತ್ತಿದ್ದರು.

ನಾನು ಬಿ.ಎಸ್ಸಿ. ಮುಗಿಸಿ ಅವರಿದ್ದ ಮಿಡ್ಲ್ ಸ್ಕೂಲಿಗೆ ಸೇರಿದ್ದು ೧೯೫೯ರ ಜೂನ್ ತಿಂಗಳಲ್ಲಿ. ಆಗ ಅವರಿಗೆ ನಲವತ್ತೇಳು ವರ್ಷ. ಸರ್ವೆ ಇಲಾಖೆಯಲ್ಲಿದ್ದು ತೀರಿಕೊಂಡ ಮಾವನವರ ಕಂದು ಕೋಟು ಅವರ ಮೈಮೇಲಿತ್ತು. ತೋಳು ಬೆರಳ ಗೆಣ್ಣಿನವರೆಗೂ ಇಳಿಯುತ್ತಿದ್ದುದರಿಂದ ಬೋರ್ಡಿನ ಮೇಲೆ ಬರೆದದ್ದನ್ನು ಅಳಿಸಲು ಅವರಿಗೆ ಬೇರೆ ಬಟ್ಟೆ ಬೇಕಾಗುತ್ತಿರಲಿಲ್ಲ. ಕೋಟಿಗೆ ಆರು ಜೇಬು, ಜೇಬಿಗೊಂದು ಕೆಲಸ: ಒಂದರಲ್ಲಿ ಸೀಮೆಸುಣ್ಣ, ಒಂದರಲ್ಲಿ ಭೂತಗನ್ನಡಿ, ಮತ್ತೊಂದರಲ್ಲಿ ದಾರಿಯಲ್ಲಿ ಬಿದ್ದು ಸಿಕ್ಕಿದ ಚಿಟ್ಟೆಯ ರೆಕ್ಕೆಗಳನ್ನಿಡುವ ಬೆಂಕಿಪೊಟ್ಟಣ. ನಡೆಯುವಾಗ ಅವರ ಕತ್ತು ಮೇಲಕ್ಕೆತ್ತಿರುತ್ತಿತ್ತು. ಕಾಲುಗಳು ತಮ್ಮ ಪಾಡಿಗೆ ತಾವು ದಾರಿ ಹುಡುಕಿಕೊಳ್ಳುತ್ತಿದ್ದವು. ಪೇಟೆಬೀದಿಯ ಗಾಡಿಯವರಿಗೆ ಇದು ಗೊತ್ತಿತ್ತು. "ಮೇಷ್ಟ್ರು ಮ್ಯಾಲ್ ನೋಡ್ಕಂಡ್ ಬತ್ತಾವ್ರೆ, ಅತ್ತಗೆ ಒಡ್ಕಳ್ಲಾ" ಎಂದು ಒಬ್ಬರಿಗೊಬ್ಬರು ಕೂಗಿ ಎತ್ತುಗಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು.

ಮೇಲೆ ನೋಡಲು ಕಾರಣವಿತ್ತು. ನಮ್ಮ ಸೀಮೆಯ ಮೇಲೆ ವರ್ಷಕ್ಕೆರಡು ಸಲ ಚಿಟ್ಟೆಗಳ ಪಯಣ ಸಾಗುತ್ತದೆ. ಮುಂಗಾರಿಗೆ ಮುನ್ನ ಘಟ್ಟದ ಕಡೆಯಿಂದ ಮೂಡಲಿಗೆ, ಕಾರ್ತಿಕದ ಹೊತ್ತಿಗೆ ಮೂಡಲಿಂದ ಘಟ್ಟಕ್ಕೆ. ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಚುಕ್ಕೆಗಳ ಆ ಜೀವಗಳು ಎಳೆಬಿಸಿಲೇರುತ್ತಿದ್ದಂತೆ ಒಂದೇ ದಿಕ್ಕು ಹಿಡಿದು, ತೆಂಗಿನ ಗರಿಗಳ ಮಟ್ಟದಲ್ಲಿ, ಅವಸರವಿಲ್ಲದೆ ಹೋಗುತ್ತವೆ. ಊರಿನವರೆಲ್ಲ ಹುಟ್ಟಿದಾಗಿನಿಂದ ಅದನ್ನು ಕಂಡವರೇ. ಎಷ್ಟು ಹೋಗುತ್ತವೆ ಎಂದು ಕೇಳಿದವರು ಮೇಷ್ಟ್ರೊಬ್ಬರೇ.

೧೯೫೬ರ ಕಾರ್ತಿಕದಲ್ಲಿ ಅವರು ಯಾವುದೋ ಕೆಲಸಕ್ಕೆ ಚನ್ನರಾಯಪಟ್ಟಣಕ್ಕೆ ಹೋಗಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಎಂದಿನಂತೆ ಕತ್ತೆತ್ತಿ ನಿಂತಿದ್ದಾಗ, ಪಕ್ಕದಲ್ಲಿ ಇನ್ನೊಂದು ಕತ್ತೂ ಮೇಲೆದ್ದಿರುವುದು ಗಮನಕ್ಕೆ ಬಂತು. ಶ್ರವಣಬೆಳಗೊಳ ನೋಡಿ ಹಿಂದಿರುಗುತ್ತಿದ್ದ ಒಬ್ಬ ಪರದೇಶದ ಹೆಂಗಸು. ಅವರಿಬ್ಬರನ್ನೂ ನೋಡಿದ ಕಂಡಕ್ಟರು, "ಏನ್ ಸಾ, ಇಬ್ರೂ ಆಕಾಸ ನೋಡ್ತಾ ನಿಂತ್ಬುಟ್ರಿ, ಇಮಾನ ಏನಾರ ಬತ್ತದಾ?" ಎಂದು ಛೇಡಿಸಿದ. ಆಕೆ ಮಿಸ್ ಡಾಲ್ಟನ್, ಕೆನಡಾ ದೇಶದಲ್ಲಿ ಒಂದು ಸರೋವರದ ದಡದ ಹಳ್ಳಿಶಾಲೆಯ ಅಧ್ಯಾಪಕಿ. ತಮ್ಮ ಊರಿನಲ್ಲೂ ಕಿತ್ತಳೆ ಬಣ್ಣದ ಚಿಟ್ಟೆಗಳು ಚಳಿಗೆ ಮುನ್ನ ತೆಂಕಣಕ್ಕೆ ಹಾರುತ್ತವೆ, ಎಲ್ಲಿ ಇಳಿಯುತ್ತವೆಂಬುದು ಯಾರಿಗೂ ತಿಳಿಯದು ಎಂದು ಆಕೆ ಹೇಳಿದರು. ಮೇಷ್ಟ್ರು ತಮ್ಮ ನಿಧಾನವಾದ, ವ್ಯಾಕರಣ ತಪ್ಪದ ಇಂಗ್ಲಿಷಿನಲ್ಲಿ, ನಮ್ಮವು ಎಲ್ಲಿ ಇಳಿಯುತ್ತವೆಂದು ನಮಗೂ ತಿಳಿಯದು ಎಂದರು. ಇಬ್ಬರಿಗೂ ತಿಳಿಯದ ಒಂದು ವಿಷಯದ ಮೇಲೆ ಅಲ್ಲಿ ಸ್ನೇಹ ಬೆಳೆಯಿತು. ಬಸ್ಸು ಬರುವುದರೊಳಗೆ ವಿಳಾಸಗಳ ವಿನಿಮಯವಾಯಿತು.

ಮರುವರ್ಷದಿಂದ ಎರಡು ಶಾಲೆಗಳ ಮಕ್ಕಳಿಗೂ ಕಾಗದದ ವ್ಯವಹಾರ ಆರಂಭವಾಯಿತು. ಅಲ್ಲಿಯವರು ಸೆಪ್ಟೆಂಬರಿನಲ್ಲಿ, ಇಲ್ಲಿಯವರು ನವೆಂಬರಿನಲ್ಲಿ ಎಣಿಸಿ ಪರಸ್ಪರ ಬರೆದುಕೊಳ್ಳಬೇಕು. ಎಣಿಕೆಯ ನಡುವೆ ಬೇರೆ ಸಮಾಚಾರವೂ ನುಸುಳುತ್ತಿತ್ತು. ನಿಮ್ಮ ಹೊಳೆಗೆ ಹುಲಿ ನೀರು ಕುಡಿಯಲು ಬರುತ್ತದೆಯೇ ಎಂದು ಅಲ್ಲಿಯವರು ಕೇಳಿದಾಗ ನಮ್ಮ ಹುಡುಗರು "ಇಲ್ಲ" ಎಂದು ಬರೆದರು. ಮೇಷ್ಟ್ರು ಅದನ್ನು ಹೊಡೆದುಹಾಕಿಸಿ "ನಾವು ಕಂಡಿಲ್ಲ" ಎಂದು ಬರೆಸಿದರು. ಇಲ್ಲ ಎನ್ನುವ ಅಧಿಕಾರ ನಮಗಿಲ್ಲವೆಂಬುದು ಅವರ ವಾದ. ಒಮ್ಮೆ ಅಲ್ಲಿಂದ ಒಂದು ಒಣಗಿದ ಕಾಯಿ ಬಂತು, ಅವರ ಚಿಟ್ಟೆಯ ಮರಿಹುಳು ತಿನ್ನುವ ಗಿಡದ್ದು. ಮೇಷ್ಟ್ರು ಅದನ್ನು ಬಿಡಿಸಿದೊಡನೆ ರೇಶಿಮೆಯಂಥ ಅರಳೆ ಎದ್ದು ತರಗತಿಯ ತುಂಬ ಹಾರಾಡಿತು. ಹಿಂದಿನ ಸಾಲಿನಿಂದ ಮಲ್ಲಿಗಮ್ಮ ಎಂಬ ಹುಡುಗಿ, "ಅಯ್ಯೋ, ಇದು ನಮ್ಮ್ ಎಕ್ಕದ್ ಕಾಯಿ ಕಣ್ರಲಾ!" ಎಂದು ಕೂಗಿದಳು. ಎರಡೂ ಒಂದೇ ಕುಟುಂಬದ ಗಿಡಗಳೆಂದು ಪುಸ್ತಕ ನೋಡಿ ಖಚಿತಪಡಿಸಿಕೊಂಡ ಮೇಷ್ಟ್ರು ಆ ದಿನವೆಲ್ಲ ತಮ್ಮಷ್ಟಕ್ಕೆ ತಾವೇ ನಗುತ್ತಿದ್ದುದನ್ನು ನಾನು ಕಂಡಿದ್ದೇನೆ.

ಈ ಮಲ್ಲಿಗಮ್ಮ ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ಎಣಿಸುವ ಗುಂಡಯ್ಯನ ಮಗಳು. ಎಣಿಕೆಯಲ್ಲಿ ಅವಳನ್ನು ಮೀರಿಸಿದವರಿಲ್ಲ. ಹೇಮಾವತಿಯ ದಂಡೆಯಲ್ಲಿ ಒಂದು ಹುಣಸೆಮರ, ಅದರ ಎದುರಿಗೆ ನಲವತ್ತು ಗಜ ದೂರದಲ್ಲಿ ಒಂದು ಕಲ್ಲುಕಂಬ. ನಡುವಿನ ಗೆರೆ ದಾಟಿದ ಚಿಟ್ಟೆ ಮಾತ್ರ ಲೆಕ್ಕಕ್ಕೆ. ದಿನಕ್ಕೆ ನಾಲ್ಕು ಸಲ, ಕಾಲು ಕಾಲು ಗಂಟೆ. ದಟ್ಟವಾಗಿ ಬಂದಾಗ ಬೇರೆ ಮಕ್ಕಳು ತಡವರಿಸಿದರೆ, ಮಲ್ಲಿಗಮ್ಮ ಮಾತ್ರ "ಲಾಭ, ಎರಡು, ಮೂರು" ಎಂದು ಮಂಡಿಯ ರಾಗದಲ್ಲಿ ಎಣಿಸುತ್ತ, ನೂರಾದೊಡನೆ ಮಡಿಲಿಗೊಂದು ಕಲ್ಲು ಹಾಕಿಕೊಳ್ಳುವಳು. ಒಂದು ಎನ್ನುವ ಬದಲು ಲಾಭ ಎನ್ನುವುದು ಮೇಷ್ಟ್ರಿಗೆ ಬಹಳ ಹಿಡಿಸಿತ್ತು. ಉಳಿದವರಿಗೂ ಅವಳಿಂದಲೇ ಕಲಿಯಿರಿ ಎಂದಿದ್ದರು.

ಮೂರು ವರ್ಷಗಳ ಪಟ್ಟಿ ಸಿದ್ಧವಾಗಿ ಕೆನಡಾಕ್ಕೆ ಹೋಯಿತು. ಅದನ್ನು ತಮ್ಮ ಪಟ್ಟಿಯ ಜೊತೆ ಪುಟ್ಟ ಪುಸ್ತಕವಾಗಿ ಅಚ್ಚು ಹಾಕಿಸುವುದಾಗಿ ಮಿಸ್ ಡಾಲ್ಟನ್ ಬರೆದರು. ಹೆಡ್‌ಮಾಸ್ಟರ್ ಲಕ್ಷ್ಮೀನರಸಿಂಹಾಚಾರ್ಯರು ಈ ಸುದ್ದಿಯನ್ನು ಹಾಸನದ ವಿದ್ಯಾ ಇಲಾಖೆಯ ಕಚೇರಿಗೂ ತಿಳಿಸಿ, ಪುಸ್ತಕ ಬಂದ ದಿನ ಸಭೆ ನಡೆಸುವುದೆಂದು ನಿಶ್ಚಯಿಸಿಬಿಟ್ಟರು. ಮೇಷ್ಟ್ರು ಹಿಗ್ಗನ್ನು ತೋರಿಸುವ ಜಾತಿಯವರಲ್ಲ. ಆದರೆ ಆ ವಾರ ಕೋಟಿಗೆ ಇಸ್ತ್ರಿಯಾಗಿತ್ತು.

೧೯೬೦ರ ನವೆಂಬರಿನಲ್ಲಿ ಒಂದು ಬೆಳಿಗ್ಗೆ, ತಮ್ಮ ಕಣ್ಣನ್ನು ಪರೀಕ್ಷಿಸಿಕೊಳ್ಳಲೆಂದು ಅವರು ಮಲ್ಲಿಗಮ್ಮನ ಪಕ್ಕದಲ್ಲಿ ನಿಂತು ಬೇರೆಯಾಗಿ ಎಣಿಸಿದರು. ಅವಳದು ನಾನೂರು, ಇವರದು ನಾನೂರ ಹದಿನಾರು. ವಯಸ್ಸಾಯಿತೆಂದುಕೊಂಡರು. ಎರಡನೆಯ ಸಲ ಅವಳದು ಮುನ್ನೂರು, ಇವರದು ಮುನ್ನೂರ ಹನ್ನೆರಡು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಕಣ್ಣು ತಪ್ಪುವುದಾದರೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತಪ್ಪಬೇಕು. ಎರಡು ಸಲವೂ ಅದೇ ಪ್ರಮಾಣದಲ್ಲಿ ತಪ್ಪುವುದು ಕಣ್ಣಿನ ಸ್ವಭಾವವಲ್ಲ.

"ನೂರಾದ ಮೇಲೆ ಏನ್ ಮಾಡ್ತೀಯಮ್ಮ?"

"ಕಲ್ ಇಡ್ತೀನಿ ಸಾ."

"ಆಮೇಲೆ?"

"ಕೊಸರು ಬುಡ್ತೀನಿ ಸಾ. ನಾಕು."

"ಕೊಸರಾ?"

"ಊ ಸಾ. ಮಂಡೀಲಿ ನೂರ್ ಕಾಯ್ಗೆ ನಾಕು ಕಾಯಿ ಸುಮ್ಕೆ ಆಕ್‌ಬೇಕಲ್ಲ, ಅಂಗೆಯಾ. ಕೊಸರು ಬುಡ್ದೆ ಎಂಗ್ ಸಾ ನೂರಾಯ್ತದೆ?"

ಮೇಷ್ಟ್ರು, "ಕಾಯಿದಾದ್ರೆ ಕೊಂಡೋರಿಗೆ ಹೋಗತ್ತೆ. ಇದು ಯಾರಿಗಮ್ಮ?" ಎಂದರು.

"ಇವು ಎಲ್ಗೋಯ್ತವೋ ಅಲ್ಲಿರೋರ್ಗೆ ಸಾ."

ಅವರು ಹುಣಸೆಮರದ ಬೇರಿನ ಮೇಲೆ ಕುಳಿತುಬಿಟ್ಟರು.

ಮಧ್ಯಾಹ್ನ ತರಗತಿಯಲ್ಲಿ ವಿಚಾರಣೆ ನಡೆಯಿತು. ಕೊಸರು ಬಿಟ್ಟವರೆಷ್ಟು ಜನ? ಕೈಗಳೆದ್ದವು, ಅರ್ಧಕ್ಕಿಂತ ಹೆಚ್ಚು. ಕೆಲವರು ನಾಲ್ಕು, ಕೆಲವರು ಐದು. ಅರಕಲಗೂಡಿನಿಂದ ಬಂದು ಸೋದರಮಾವನ ಮನೆಯಲ್ಲಿದ್ದ ಪಾಪಯ್ಯ, "ನಮ್ಮ್ ಕಡೆ ಆರು ಬುಡ್ತಾರೆ ಸಾ" ಎಂದು ಹೆಮ್ಮೆಯಿಂದ ಹೇಳಿದ. ಅಗ್ರಹಾರದ ಮಕ್ಕಳು ಒಂದನ್ನೂ ಬಿಟ್ಟಿರಲಿಲ್ಲ. ಯಾವ ದಿನ ಯಾರು ನಿಂತಿದ್ದರೆಂಬುದು ಸ್ಲೇಟಿನ ಮೇಲಿತ್ತು. ಸ್ಲೇಟುಗಳು ಎಂದೋ ತೊಳೆದುಹೋಗಿದ್ದವು. ಎಲ್ಲರೂ ನಾಲ್ಕನ್ನೇ ಬಿಟ್ಟಿದ್ದರೆ ಒಂದು ಗುಣಾಕಾರದಿಂದ ಪಟ್ಟಿಯನ್ನು ತಿದ್ದಬಹುದಾಗಿತ್ತು. ಈಗ ಅದಕ್ಕೂ ದಾರಿಯಿರಲಿಲ್ಲ. ಮೂರು ವರ್ಷದ ಲೆಕ್ಕ, ಅಚ್ಚಿಗೆ ಹೋಗಲಿರುವ ಲೆಕ್ಕ, ತಪ್ಪು. ಆ ತಪ್ಪು ಎಷ್ಟರದೆಂದೂ ತಿಳಿಯದು.

ಸಂಜೆ ಹೆಡ್‌ಮಾಸ್ಟರರ ಕೋಣೆಯಲ್ಲಿ ನಾನೂ ಇದ್ದೆ.

"ನೂರಕ್ಕೆ ನಾಕು ಚಿಟ್ಟೆ, ಪರಮಶಿವಯ್ಯ! ಯಾರಿಗ್ರೀ ಗೊತ್ತಾಗತ್ತೆ? ಅವರೇನು ಕೆನಡಾದಿಂದ ಬಂದು ಎಣಿಸ್ತಾರೆಯೇ? ಹಾಸನಕ್ಕೆ ನಾನೇನು ಬರೀಲಿ ಈಗ?"

"ನನಗೆ ಗೊತ್ತಾಗಿದೆಯಲ್ಲ ಸ್ವಾಮಿ."

"ನಮ್ಮ ಹುಡುಗರಿಗೆ ನೆಟ್ಟಗೆ ಎಣಿಸೋಕೆ ಬರಲ್ಲ ಅಂತ ಪರದೇಶದೋರಿಗೆ ಕಾಗದ ಬರೀತೀರಾ? ಮರ್ಯಾದೆ ಇದೆಯೇ?"

"ಹುಡುಗರು ನೆಟ್ಟಗೇ ಎಣಿಸಿದ್ದಾರೆ. ಹೇಗೆ ಎಣಿಸ್ತೀರಿ ಅಂತ ನಾನು ಕೇಳಲಿಲ್ಲ. ಊರಿನೋರಿಗೆಲ್ಲ ಪ್ರಶ್ನೆ ಹಾಕ್ತೀನಿ, ಈ ಒಂದು ಹಾಕಲಿಲ್ಲ."

ಇದಕ್ಕಿಂತ ಅವರನ್ನು ಬಾಧಿಸಿದ್ದು ಇನ್ನೊಂದು. ಮಲ್ಲಿಗಮ್ಮ ಮರುದಿನ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹುಡುಗರು "ಕೊಸರಮ್ಮ" ಎಂದು ರೇಗಿಸಿದ್ದರು. ನಾಲ್ಕನೆಯ ದಿನ ಮೇಷ್ಟ್ರು ನೇರವಾಗಿ ಮಂಡಿಗೆ ನಡೆದರು, ಜೊತೆಗೆ ನಾನು. ಗುಂಡಯ್ಯ ಕಾಯಿರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಮಗಳು ಪಕ್ಕದಲ್ಲಿ ಕಾಯಿ ಸರಿಸಿಕೊಡುತ್ತಿದ್ದಳು. ನಮ್ಮನ್ನು ಕಂಡವಳೇ ಚೀಲಗಳ ಮರೆಗೆ ಹೋದಳು.

"ಏನ್ ಸಾ, ನಮ್ ಮಗ್ಳು ನಿಮ್ ಲೆಕ್ಕ ಕೆಡಿಸ್ಬುಟ್ಳಂತೆ?" ಎಂದ ಗುಂಡಯ್ಯ, ಕೈ ನಿಲ್ಲಿಸದೆ.

"ಲೆಕ್ಕ ಕಲಿಯೋಕೆ ಬಂದಿದ್ದೀನಿ ಗುಂಡಯ್ಯ. ನೀನು ಎಣಿಸೋದನ್ನ ನೋಡಬೇಕು."

"ಅದ್ರಾಗೇನೈತೆ ಸಾ, ಎರಡೆರಡು ಕಾಯಿ ಎತ್ತಿ ಆಚ್ಗೆ ಆಕಾದು. ಕೊಸರ್ ಕೊಡ್ದೆ ಎಣ್ಸುದ್ರೆ ಯಾವನೂ ಎಲ್ಡ್ನೇ ದಪ ಬರಕಿಲ್ಲ. ನಿಮ್ ಚಿಟ್ಟೆನೂ ಅಂಗೇ ಇರ್ಬೇಕು, ವರ್ಸಾ ವರ್ಸಾ ಬತ್ತಾ ಅವೆಯಲ್ಲ!"

ಮೇಷ್ಟ್ರು ಗಟ್ಟಿಯಾಗಿ ನಕ್ಕರು. ಕೋಟನ್ನು ಮಡಿಸಿ ಒಂದು ಚೀಲದ ಮೇಲಿಟ್ಟು ಅವನ ಪಕ್ಕದಲ್ಲಿ ಕುಕ್ಕರಿಸಿದರು. ಐವತ್ತಾಗುವುದರೊಳಗೆ ಅವರ ಬಾಯಿಯೂ ಕೈಯೂ ಬೇರೆ ಬೇರೆ ಸಂಖ್ಯೆಯಲ್ಲಿದ್ದವು. ಚೀಲದ ಮರೆಯಿಂದ ಮೊದಲು ಕಿಸಕ್ಕೆಂಬ ಸದ್ದು ಬಂತು, ಆಮೇಲೆ "ಅಂಗಲ್ಲ ಸಾ, ಬಾಯಿ ಮುಂದ್ಕೋಗ್‌ಬಾರ್ದು, ಕೈಯಿಂದ ಬರ್ಬೇಕು" ಎಂಬ ಮಾತು. ಮಲ್ಲಿಗಮ್ಮ ಈಚೆ ಬಂದಳು. ಆ ಮಧ್ಯಾಹ್ನ ಹೊಳೆನರಸೀಪುರದ ವಿಜ್ಞಾನದ ಮೇಷ್ಟ್ರು ತಮ್ಮ ಏಳನೆಯ ಕ್ಲಾಸಿನ ವಿದ್ಯಾರ್ಥಿನಿಯಿಂದ ನೂರು ಕಾಯಿ ಎಣಿಸುವುದನ್ನು ಕಲಿತರು. ಮಾರನೆಯ ದಿನ ಅವಳು ಶಾಲೆಯಲ್ಲಿದ್ದಳು.

ಕೆನಡಾಕ್ಕೆ ಬರೆದ ಕಾಗದದಲ್ಲಿ ಕೊಸರು ಎಂದರೇನೆಂದು ವಿವರಿಸಲು ಅವರಿಗೆ ಒಂದು ಪೂರ್ತಿ ಪುಟ ಹಿಡಿಯಿತು. ಮಾರಾಟದಲ್ಲಿ ಅದು ಏಕೆ, ಊರೂರಿಗೆ ಎಷ್ಟು, ನಮ್ಮ ಮಕ್ಕಳು ಅದನ್ನು ಯಾರಿಗೆ ಬಿಟ್ಟರು, ಎಲ್ಲವನ್ನೂ ಬರೆದು, ಈ ಪಟ್ಟಿಯನ್ನು ದಯವಿಟ್ಟು ಅಚ್ಚು ಹಾಕಬೇಡಿ, ತಪ್ಪು ಮಕ್ಕಳದಲ್ಲ, ಕೇಳದೆ ಹೋದ ನನ್ನದು ಎಂದು ಮುಗಿಸಿದರು. ಅಂಚೆಪೆಟ್ಟಿಗೆಗೆ ಹಾಕುವಾಗ ಕೈ ಒಂದು ಕ್ಷಣ ತಡೆಯಿತು. ಪುಸ್ತಕವಿಲ್ಲ, ಸಭೆಯಿಲ್ಲ, ಬಹುಶಃ ಇನ್ನು ಕಾಗದಗಳೂ ಇಲ್ಲ. ಆಮೇಲೆ ಹಾಕಿದರು.

ಉತ್ತರ ಬಂದದ್ದು ಫೆಬ್ರುವರಿಯಲ್ಲಿ. ಮಿಸ್ ಡಾಲ್ಟನ್ ಆ ಕಾಗದವನ್ನು ತಮ್ಮ ಮಕ್ಕಳಿಗೆ ಓದಿ ಹೇಳಿದ್ದರಂತೆ. ಆಗ ಒಬ್ಬ ಹುಡುಗ ಎದ್ದು, ನಮ್ಮ ಪಟ್ಟಿಯಲ್ಲಿ ಭಾನುವಾರಗಳ ಲೆಕ್ಕ ಎಲ್ಲಿಂದ ಬಂತು ಎಂದು ಕೇಳಿದನಂತೆ. ಭಾನುವಾರ ಅಲ್ಲಿ ಎಲ್ಲರೂ ಇಗರ್ಜಿಗೆ ಹೋಗುತ್ತಾರೆ. ಎಣಿಸಲು ದಡದಲ್ಲಿ ಯಾರೂ ಇರುವುದಿಲ್ಲ. ಪಟ್ಟಿಯಲ್ಲಿ ಖಾಲಿ ಮನೆಗಳು ಕಣ್ಣಿಗೆ ಒಪ್ಪದೆ, ಶನಿವಾರ ಸೋಮವಾರಗಳ ಮಧ್ಯದ ಸಂಖ್ಯೆಯನ್ನು ತಾವೇ ತುಂಬಿದ್ದಾಗಿ ಆಕೆ ಬರೆದಿದ್ದರು. ನಿಮ್ಮ ಕಾಗದ ಬಾರದಿದ್ದರೆ ನಾನದನ್ನು ನೆನೆಯುತ್ತಲೂ ಇರಲಿಲ್ಲ ಎಂದಿದ್ದರು. ಪುಸ್ತಕ ಅಚ್ಚಾಯಿತು. ಎರಡು ಪಟ್ಟಿಗಳ ಜಾಗದಲ್ಲಿ ಎರಡು ಕಾಗದಗಳಿದ್ದವು. ಹಾಸನದಿಂದ ಯಾರೂ ಬರಲಿಲ್ಲ. ಹೆಡ್‌ಮಾಸ್ಟರರು ತಾವೇ ಅದನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಓದಿ, ಕನ್ನಡಕ್ಕೆ ತಿರುಗಿಸಿ ಹೇಳಿದರು. ಮಲ್ಲಿಗಮ್ಮನ ಹೆಸರು ಬಂದಾಗ ಎರಡು ಸಲ ಓದಿದರು.

ಪರಮಶಿವಯ್ಯನವರ ಹೆಸರಿನಲ್ಲಿ ಯಾವ ಸಂಶೋಧನೆಯೂ ಇಲ್ಲ. ಅವರಂಥ ಮೇಷ್ಟ್ರುಗಳು ಆ ಕಾಲದ ತಾಲ್ಲೂಕು ಊರುಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು; ಸಂಬಳ ಅಲ್ಪ, ಉಪಕರಣ ಶೂನ್ಯ, ಎದುರಿಗೆ ನಲವತ್ತು ಮಕ್ಕಳು. ತಿಳಿದವರು ಲೋಕದಲ್ಲಿ ಬೇಕಾದಷ್ಟು ಸಿಗುತ್ತಾರೆ. ತಾವು ಹೇಗೆ ತಿಳಿದೆವೆಂಬುದನ್ನು, ಅದರ ಲೋಪದ ಸಮೇತ, ಗುರುತಿಲ್ಲದವರ ಮುಂದೂ ಬಿಚ್ಚಿಡಬಲ್ಲವರು ವಿರಳ. ಅಂಥವರ ಕೈಯಲ್ಲಿ ಕಲಿತ ಮಕ್ಕಳು ಮುಂದೆ ಏನಾದರೋ, ಎಲ್ಲಿ ಹೋದರೋ, ನನಗೆ ಪೂರ್ತಿ ತಿಳಿಯದು. ಆದರೆ ತಪ್ಪನ್ನು ಒಪ್ಪಿಕೊಂಡವನ ಮುಖ ಹೇಗೆ ಹಗುರಾಗುತ್ತದೆಂಬುದನ್ನು ಅವರು ಹನ್ನೆರಡು ಹದಿಮೂರನೆಯ ವಯಸ್ಸಿನಲ್ಲೇ, ಹತ್ತಿರದಿಂದ, ತಮ್ಮ ಕಣ್ಣಾರೆ ನೋಡಿದ್ದರು.