ದೂಡಿದರೆ ತೆರೆಯುವ ಬಾಗಿಲು

"ಎಷ್ಟು ಎತ್ತರಕ್ಕೆ ಹಾಕ್ಲಿ ಸಾರ್?" ಎಂದ ಬಾಗಿಲ ಬೆಲ್ ಹಾಕಲು ಬಂದಿದ್ದ ಶರತ್, ಡ್ರಿಲ್ಲಿನ ಮೊನೆಯನ್ನು ಗೋಡೆಗೆ ತಾಗಿಸಿಕೊಂಡೇ. ಲಕ್ಷ್ಮೀಶ ಮಗಳ ಕಡೆ ನೋಡಿದ. ಡಬ್ಬಿಯೊಳಗಿದ್ದ ಸಣ್ಣಕ್ಷರದ ಕಾಗದವನ್ನು ಪೂರ್ತಿ ಓದಿದ್ದವಳು ಭಾಗ್ಯ ಒಬ್ಬಳೇ.

"ನಾಲ್ಕಡಿ," ಎಂದಳು. "ಬಂದವರ ಮುಖ ಪೂರ್ತಿ ಕಾಣ್ಬೇಕಂತೆ."

"ಹಂಗಾದ್ರೆ ತಾತ, ಒಂದ್ಸಲ ಬನ್ನಿ ಇಲ್ಲಿ. ಮುಂದೆ ನಿಂತ್ಕಳಿ."

ಜವರಪ್ಪ ಅಂಗಳದ ಕುರ್ಚಿಯಿಂದ ಎದ್ದು, ಹೆಗಲ ಟವೆಲ್ ಸರಿಮಾಡಿಕೊಂಡು ಬಂದು ನಿಂತ. "ಏನ್ಲಾ, ಅಳತೆ ತಗಂಡು ಅಂಗಿ ಹೊಲಿತೀಯಾ?"

"ಅಂಗಿ ಅಲ್ಲ ತಾತ. ನಿಮ್ ಮಖ ಇವ್ರ ಮೊಬೈಲ್ನಾಗೆ ಬತ್ತೈತೆ."

"ಬರ್ಲಿ ಬಿಡು. ಇಷ್ಟ್ ದಿನ ಬರೀ ಕನ್ನಡೀಲಿ ಬತ್ತಿತ್ತು."

ಭಾಗ್ಯ ನಕ್ಕಳು. ತಾತ ಹೀಗೆ ಮಾತಾಡುವ ದಿನಗಳಲ್ಲಿ ಕಾಯಿಲೆ ಎನ್ನುವುದೇ ಸುಳ್ಳೆನಿಸುತ್ತಿತ್ತು.

ಕ್ಯಾಮೆರಾ ಇರುವ ಆ ಡೋರ್‌ಬೆಲ್ ಆರಿಸುವುದಕ್ಕೇ ಮೂರು ವಾರ ಹಿಡಿದಿತ್ತು. ದಿನವೂ ಹಳೇಬೀಡಿನಿಂದ ಬರುವ ಬಸ್ಸಿನಲ್ಲಿ ಕೂತು ಭಾಗ್ಯ ಅದರದ್ದೇ ವೀಡಿಯೊ ನೋಡಿದ್ದಳು. ವೈರಿನದೋ ಬ್ಯಾಟರಿಯದೋ, ಕರೆಂಟು ಹೋದರೆ ಏನು, ವೈಫೈ ಬಾಗಿಲ ತನಕ ಎಟಕುತ್ತದೋ ಇಲ್ಲವೋ. ಎರಡೂ ಕಡೆಯಿಂದ ಮಾತಾಡುವಂತಿರಬೇಕು ಎಂದು ಹಟ ಹಿಡಿದವಳು ಅವಳು. ಮುಖದ ಗುರುತು ಹಿಡಿಯುವಂಥದ್ದೇ ಬೇಕು ಎಂದವನು ಲಕ್ಷ್ಮೀಶ. ಬಿ.ಎಚ್. ರಸ್ತೆಯ ಅಂಗಡಿಯವನು ಯಾವುದನ್ನು ತೋರಿಸಿದರೂ "ಕಳ್ಳ ಬಂದ್ರೆ ಇದೇ ಹೇಳುತ್ತೆ ಸಾರ್" ಎನ್ನುತ್ತಿದ್ದ. ಎದುರು ಮನೆಯ ಕಮಲಾಕ್ಷಮ್ಮ ಕೇಳಿದಾಗ ಭಾಗ್ಯಳ ತಾಯಿ ಮೀನಾಕ್ಷಿಯೂ ಕಳ್ಳರ ಭಯ ಎಂದೇ ಹೇಳಿದಳು.

"ನಮ್ ಬೀದೀಲಿ ಕಳ್ರಾ?" ಎಂದಿದ್ದರು ಆಕೆ. "ಬಂದ್ರೆ ನಮ್ಮನೆಗೇ ಕಳ್ಸಿ ಟೀಚರೇ. ಅಟ್ಟದ ಮೇಲೆ ಕೊಬ್ಬರಿ ಕೂತದೆ, ಇಳಿಸೋ ಕೂಲಿಯಾದ್ರೂ ಉಳೀತದೆ."

ಕಳ್ಳರ ಭಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಭಯವಿದ್ದದ್ದು ಜವರಪ್ಪನ ಬಗ್ಗೆ.

ಮೂವತ್ತನಾಲ್ಕು ವರ್ಷ ರೈಲ್ವೆ ಗೇಟಿನಲ್ಲಿ ಕೆಲಸ ಮಾಡಿದವನು. ಅರಸೀಕೆರೆಯ ಅರ್ಧ ಊರನ್ನು ಆ ಗೇಟಿನಾಚೆ ನಿಲ್ಲಿಸಿದವನು. "ಡಿ.ಸಿ. ಕಾರನ್ನೂ ನಿಲ್ಸಿವ್ನಿ ಕಣೇ. ಹಾರನ್ ಹೊಡುದ್ರು. ಹೊಡ್ಕಳಿ ಅಂದೆ," ಎಂದು ಮೊಮ್ಮಗಳಿಗೆ ನೂರು ಸಲ ಹೇಳಿದ್ದ. ಹೋದ ದೀಪಾವಳಿಯಿಂದೀಚೆಗೆ ಮರೆವು ಶುರುವಾಯಿತು. ಔಷಧಿ ಬರೆದುಕೊಟ್ಟ ಹಾಸನದ ಡಾಕ್ಟರು, ಹಳೆಯದು ಉಳಿಯುತ್ತೆ, ಹೊಸದು ಅಳಿಸಿ ಹೋಗುತ್ತೆ ಎಂದಿದ್ದರು. ಬೆಳಗಿನ ಹೊತ್ತು ಸರಿಯಾಗಿಯೇ ಇರುತ್ತಿದ್ದ. ಹತ್ತು ಗಂಟೆಗೆ ಬಾಗಿಲೆಳೆದುಕೊಂಡು ಹಳೆಯ ಗೇಟಿನ ತನಕ ನಡೆದು, ಗೂಡ್ಸ್ ಗಾಡಿಯ ಬೋಗಿ ಎಣಿಸಿ, ಊಟದ ಹೊತ್ತಿಗೆ ಬರುತ್ತಿದ್ದ. ಅವನು ಬೀಗದ ಕೈ ಎರಡು ಸಲ ಕಳೆದ ಮೇಲೆ ಬೀಗ ಹಾಕುವುದನ್ನೇ ಬಿಟ್ಟಿದ್ದರು. ಬಾಗಿಲು ದೂಡಿದರೆ ತೆರೆಯುತ್ತಿತ್ತು.

ಆದರೆ ಹೋದ ತಿಂಗಳು ಕಮಲಾಕ್ಷಮ್ಮ ಮೀನಾಕ್ಷಿಯನ್ನು ನಿಲ್ಲಿಸಿ, "ನಿಮ್ ಮಾವೋರು ಊಟದ್ ಹೊತ್ನಲ್ಲೂ ಬಿಸ್ಲಲ್ಲೇ ಇರ್ತಾರೆ ಕಣ್ರೀ. ಒಳಗ್ ಹೋಗಿ ಅಂದ್ರೆ ಹೂಂ ಅಂತಾರೆ, ಹೋಗಲ್ಲ," ಎಂದಿದ್ದರು. ಅವನಿಗೆಂದು ಇಟ್ಟುಹೋದ ಡಬ್ಬಿಯ ಅನ್ನ ಹಾಗೇ ಉಳಿದ ದಿನಗಳೂ ಇದ್ದವು. ಕೇಳಿದರೆ ಜವರಪ್ಪ, "ಮೈ ಕಾಯಿಸ್ತಿದ್ದೆ," ಎನ್ನುತ್ತಿದ್ದ. ಲಕ್ಷ್ಮೀಶ ಅವತ್ತೇ ಹೇಳಿದ: "ಬೆಲ್ ಹಾಕ್ಸೋಣ. ಕಾಯಿಲೆ ವಿಷ್ಯ ಬೀದಿಗೆ ಬೇಡ. ನಮ್ಮಪ್ಪನ್ನ ಯಾರೂ ಪಾಪ ಅನ್ನೋದು ನಂಗೆ ಬೇಕಿಲ್ಲ."

ಶರತ್ ಕೊನೆಯ ತಿರುಪು ಬಿಗಿದು, ಗೋಡೆಯ ಪುಡಿಯನ್ನು ಊದಿದ. "ತಾತ, ನೀವೇ ಒತ್ತಿ ಮೊದ್ಲು. ಬೋಣಿ."

ಜವರಪ್ಪ ಕೈ ಮುಂದೆ ಮಾಡಿದವನು ಹಿಂದಕ್ಕೆಳೆದುಕೊಂಡ. "ನಾನ್ಯಾಕ್ ಒತ್ಲಿ? ಕರಿಯೋಗಂಟ ನಿಂತ್ಕಂಡ್ರಾಯ್ತು."

ಎಲ್ಲರೂ ನಕ್ಕರು. "ಸಿಗ್ನಲ್ ಬೀಳ್ದೆ ನಮ್ಮಪ್ಪ ಒಳಗೆ ಬರಲ್ಲ. ರೈಲ್ವೆ ಬುದ್ಧಿ," ಎಂದ ಲಕ್ಷ್ಮೀಶ, ಸ್ವಲ್ಪ ಹೆಮ್ಮೆಯಿಂದಲೇ. ಜವರಪ್ಪನೂ ನಕ್ಕ. ಆಮೇಲೆ ಭಾಗ್ಯ ನಾಲ್ವರ ಮುಖವನ್ನೂ ಪರಿಚಿತರ ಪಟ್ಟಿಗೆ ಸೇರಿಸಿದಳು. ತಾತನ ಫೋಟೊ ತುಂಬ ಚೆನ್ನಾಗಿ ಬಂತು. ತಲೆಯೆತ್ತಿ, ಎದೆ ಮುಂದೆ ಮಾಡಿ, ಬರುವ ರೈಲಿಗೆ ಬಾವುಟ ತೋರಿಸುವವನಂತೆ ನಿಂತಿದ್ದ.

ಇದು ಭಾನುವಾರ. ಮಾರನೇ ದಿನ ಮಧ್ಯಾಹ್ನ ಹನ್ನೆರಡೂಮುಕ್ಕಾಲಿಗೆ, ಹಳೇಬೀಡಿನ ನಾಡಕಚೇರಿಯಲ್ಲಿ ಭಾಗ್ಯ ಕರಿಯಯ್ಯ ಎನ್ನುವವರ ಜಾತಿ ಪ್ರಮಾಣಪತ್ರದ ಅರ್ಜಿಯನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಳು. ಕೀಲಿಮಣೆಯ ಪಕ್ಕದಲ್ಲಿ ಫೋನು ನಡುಗಿತು. ‘ಬಾಗಿಲಲ್ಲಿ ಅಪರಿಚಿತ ವ್ಯಕ್ತಿ.’

ತೆರೆದು ನೋಡಿದಳು. ಆ ಗಾಜಿನ ಕಣ್ಣಿನಲ್ಲಿ ಅಂಗಳ ಬಿಲ್ಲಿನಂತೆ ಬಾಗಿ ಕಾಣುತ್ತಿತ್ತು. ಗೇಟಿನ ಹೊರಗೆ ಒಂದು ಜೊತೆ ಚಪ್ಪಲಿ. ಗೇಟಿನೊಳಗೆ, ಮೆಟ್ಟಿಲಿಗಿಂತ ಎರಡು ಮಾರು ದೂರದಲ್ಲಿ, ಸಿಮೆಂಟಿನ ನೆಲದ ಮೇಲೆ ಬರಿಗಾಲಲ್ಲಿ ಯಾರೋ ನಿಂತಿದ್ದರು. ಮೊಣಕಾಲು ಸ್ವಲ್ಪ ಮಡಚಿ, ಬೆನ್ನು ಬಾಗಿಸಿ, ಹೆಗಲ ಟವೆಲನ್ನು ತೆಗೆದು ಕಂಕುಳಲ್ಲಿ ಅಮುಕಿಕೊಂಡು. ತಗ್ಗಿಸಿದ ತಲೆಯ ನೆತ್ತಿಯಷ್ಟೇ ಕಾಣುತ್ತಿತ್ತು. ಭಿಕ್ಷೆಯವರಿರಬೇಕು ಅಂದುಕೊಂಡಳು. ಆಮೇಲೆ ಕೈಗಡಿಯಾರ ಕಂಡಿತು. ನಿವೃತ್ತಿಯ ದಿನ ಜೊತೆಯವರು ಕೊಟ್ಟ ಅಗಲ ಮುಖದ ಗಡಿಯಾರ.

ಎದ್ದು ಕಚೇರಿಯ ಹಿಂದಿನ ಹೊಂಗೆಮರದ ಹತ್ತಿರ ಹೋಗಿ, ಮಾತಾಡುವ ಗುಂಡಿ ಒತ್ತಿದಳು.

"ತಾತ, ನಾನು ಭಾಗ್ಯ. ಬಾಗಿಲು ತೆಗ್ದೇ ಇದೆ. ದೂಡು, ಒಳಗೆ ಹೋಗು."

ಜವರಪ್ಪ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ. ಬಾಗಿಲನ್ನಾಗಲಿ ಬೆಲ್ಲನ್ನಾಗಲಿ ನೋಡಲಿಲ್ಲ. ನೆಲಕ್ಕೆ ಹೇಳಿದ:

"ಅವ್ವಾ, ನಾನ್ ಕಣವ್ವ, ಜವರ. ಸಣ್ಣಯ್ಯನ ಮಗ. ಪಟೇಲ್ರು ಅವ್ರಾ?"

ಆ ದನಿ ಅವಳು ಕೇಳಿದ್ದಲ್ಲ. ಎಂಟೊಂಬತ್ತು ವರ್ಷದ ಹುಡುಗನೊಬ್ಬ ಮುದುಕನ ಗಂಟಲಿನಿಂದ ಮಾತಾಡುತ್ತಿದ್ದಂತಿತ್ತು.

"ಎತ್ತಿನ್ ಗಾಡಿ ಬೇಕಿತ್ತು ಕಣವ್ವ. ನಮ್ಮವ್ವಂಗೆ ನೋವು ತಗಂಡು ಎಲ್ಡ್ ದಿನ ಆಯ್ತು, ಕೂಸು ಬತ್ತಾ ಇಲ್ಲ. ಅರಸೀಕೆರೆ ಆಸ್ಪತ್ರೆಗ್ ಒಯ್ಬೇಕಂತೆ. ಅಪ್ಪ ಅವ್ವನ್ ತಾವೇ ಕೂತವ್ನೆ, ಅದ್ಕೆ ನಾನ್ ಬಂದೆ."

ತಾತನ ತಾಯಿ ಹೆರಿಗೆಯಲ್ಲಿ ತೀರಿಕೊಂಡಳು ಎಂಬುದಷ್ಟೇ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು. ಹಾರನಹಳ್ಳಿಯ ಆಚೆಯ ಹಳ್ಳಿಯ ವಿಷಯ ಬಂದರೆ ತಾತ ರೈಲಿನ ಮಾತು ತೆಗೆಯುತ್ತಿದ್ದ. ಅವರೂ ಕೇಳಿರಲಿಲ್ಲ.

ಅಮ್ಮನ ಫೋನು ಆಫ್ ಆಗಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಡ್ಯೂಟಿ, ಮೂರು ಗಂಟೆಯವರೆಗೂ ಸಿಗುವುದಿಲ್ಲ. ಅಪ್ಪ ಹಾಸನದಲ್ಲಿ ಮೀಟಿಂಗಿನಲ್ಲಿದ್ದ. ಪಿಸುಮಾತಿನಲ್ಲಿ "ಆಮೇಲೆ ಮಾಡು" ಎಂದ.

"ಅಪ್ಪ, ಬಾಗಿಲು ನೋಡು," ಎಂದಳು.

ಸ್ವಲ್ಪ ಹೊತ್ತಿಗೆ ಅವಳ ಫೋನಿನಲ್ಲೇ ಅಪ್ಪನ ದನಿ ಕೇಳಿತು, ಅರಸೀಕೆರೆಯ ಬಾಗಿಲಿನಿಂದ. "ಅಪ್ಪಾ, ಒಳಗ್ ಹೋಗಪ್ಪ. ಇದು ನಿನ್ನ ಮನೆ."

ಗಂಡಸಿನ ದನಿಗೆ ಜವರಪ್ಪ ಇನ್ನಷ್ಟು ಬಾಗಿದ. ಕೈ ಮುಗಿದ. "ತಪ್ಪಾಯ್ತು ಬುದ್ಧೀ. ಹೊತ್ತಲ್ಲದ್ ಹೊತ್ನಾಗೆ ಬಂದ್ಬುಟ್ಟೆ."

"ಅಪ್ಪಾ, ನಾನ್ ಲಕ್ಷ್ಮೀಶ. ದಣಿಗಳಿಗೆ ಅನ್ನೋ ಹಂಗೆ ನನ್ನ ಬುದ್ಧಿ ಅನ್ಬೇಡ."

"ಇಲ್ಲ ಬುದ್ಧಿ."

ಭಾಗ್ಯ ಅಪ್ಪನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಾಗ ಎತ್ತಿದ. ಹಿಂದೆ ಯಾವುದೋ ಕಾರಿಡಾರಿನ ಗದ್ದಲ ಕೇಳುತ್ತಿತ್ತು.

"ಕಮಲಾಕ್ಷಮ್ಮಂಗೆ ಹೇಳ್ಲಾ?"

"ಬೇಡ." ದನಿ ತಗ್ಗಿಸಿ, "ಬೇಡ ಕಣಮ್ಮ. ಅಪ್ಪ ಹಂಗೆ ನಿಂತಿರೋದ್ನ ಅವ್ರು ನೋಡೋದ್ ಬೇಡ. ನಾನ್ ಹೊರಟೆ," ಎಂದ.

ಹಾಸನದಿಂದ ಬಸ್ಸು ಹಿಡಿದು ಬರಲು ಎರಡು ಗಂಟೆಯಾದರೂ ಬೇಕು. ಹಳೇಬೀಡಿನಿಂದ ಒಂದೂಕಾಲು, ಬಸ್ಸು ಸಿಕ್ಕರೆ. ಮುಂದಿನ ಬಸ್ಸು ಒಂದೂವರೆಗೆ. ಅವಳು ಮತ್ತೆ ಪರದೆ ನೋಡಿದಳು. ಮಾರ್ಚ್ ತಿಂಗಳ ಬಿಸಿಲಿಗೆ ಸಿಮೆಂಟು ಬೆಳ್ಳಗೆ ಹೊಳೆಯುತ್ತಿತ್ತು. ತಾತ ಬಲಗಾಲೆತ್ತಿ ಎಡಗಾಲಿನ ಮೇಲಿಟ್ಟುಕೊಂಡ. ಸ್ವಲ್ಪ ಹೊತ್ತಿಗೆ ಎಡಗಾಲೆತ್ತಿ ಬಲಗಾಲಿನ ಮೇಲಿಟ್ಟ. ಮೂರು ಮಾರು ಆಚೆ ನಡುಮನೆಯಲ್ಲಿ ಫ್ಯಾನಿತ್ತು, ಡಬ್ಬಿಯಲ್ಲಿ ಅನ್ನವಿತ್ತು.

"ತಾತ, ಕಾಲು ಸುಡುತ್ತೆ. ನೆರಳಿಗಾದ್ರೂ ಬಾ. ನಾನು ಭಾಗ್ಯ. ನಿನ್ನ ಲಕ್ಷ್ಮೀಶನ ಮಗಳು."

"ಇರ್ಲಿ ಕಣವ್ವ. ಪಟೇಲ್ರು ಉಂಡ್ಕಂಡೇ ಬರ್ಲಿ. ಇಲ್ಲೇ ಇರ್ತೀನಿ."

ಭಿಕ್ಷೆ ಬೇಡುವವಳಂತೆ ಇನ್ನೂ ನಾಲ್ಕು ಸಲ ಹೇಳಿದಳು. ತಾತ ನಾಲ್ಕು ಸಲವೂ ‘ಇರ್ಲಿ ಕಣವ್ವ’ ಎಂದ. ಐದನೇ ಸಲ ಪಾದ ಬದಲಿಸುವಾಗ ಅವನು ಓಲಾಡಿ ಗೋಡೆ ಹಿಡಿಯಲು ಕೈ ಚಾಚಿದ. ಗೋಡೆಯ ಹತ್ತಿರ ಹೋದ ಕೈ ಅದನ್ನು ಮುಟ್ಟದೆ ಹಾಗೇ ವಾಪಸು ಬಂತು.

ಅವಳು ಸುತ್ತ ನೋಡಿದಳು. ಮರದ ಕೆಳಗೆ ಯಾರೂ ಇರಲಿಲ್ಲ. ಗುಂಡಿ ಒತ್ತಿದಳು.

"ಏ ಜವರ."

ಪಟೇಲರ ಮನೆಯ ಆ ದನಿಯನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ತರಗತಿಯಲ್ಲಿ ಹಾಜರಿ ಹೇಳುವುದಕ್ಕೂ ದನಿ ಏಳದಿದ್ದವಳು ಅವಳು.

"ಬಿಸ್ಲಾಗ್ ಯಾಕ್ಲಾ ನಿಂತಿದೀಯ? ಗಾಡಿ ಕಟ್ಟಕ್ ಹೇಳೈತೆ. ಒಳಕ್ ಬಾ."

ಜವರಪ್ಪ ಮೊದಲ ಸಲ ತಲೆಯೆತ್ತಿದ. ಇಡೀ ಮುಖ ಬೆಳಗಿತು. ಹಲ್ಲಿಲ್ಲದ ಬಾಯಿ ತೆರೆದುಕೊಂಡಿತು, ಕಣ್ಣುಗಳು ನೇರ ಅವಳನ್ನೇ ನೋಡುತ್ತಿದ್ದವು. ಫೋನು ಕೈಯೊಳಗೆ ನಡುಗಿತು. ‘ಬಾಗಿಲಲ್ಲಿ ಜವರಪ್ಪ ಇದ್ದಾರೆ.’

"ಕಟ್ಟಾರಾ? ನಿಮ್ ಹೊಟ್ಟೆ ತಣ್ಗಿರ್ಲಿ ಕಣವ್ವ," ಎಂದ. "ಹಿತ್ಲಾಗ್ ಕೂತಿರ್ತೀನಿ." ಮೆಟ್ಟಿಲನ್ನು ಬಳಸಿ, ಗೋಡೆಗೆ ಮೈ ಸೋಕದಂತೆ, ಮನೆಯ ಪಕ್ಕದ ಓಣಿಗೆ ತಿರುಗಿ ಮರೆಯಾದ. ಅಲ್ಲಿಗೆ ಆ ಕಣ್ಣು ಎಟಕುತ್ತಿರಲಿಲ್ಲ. ಪರದೆಯಲ್ಲಿ ಗೇಟು ಉಳಿಯಿತು, ಗೇಟಿನಾಚೆ ಚಪ್ಪಲಿ ಉಳಿಯಿತು.

ಬಸ್ಸಿನಲ್ಲಿ ಅವಳು ಆ ಚಪ್ಪಲಿಗಳನ್ನೇ ನೋಡುತ್ತ ಕೂತಳು. ಕಂಡಕ್ಟರ್ ಎರಡು ಸಲ ಕೇಳಿದ ಮೇಲೆ ಟಿಕೆಟು ತೆಗೆದುಕೊಂಡಳು. ಜಾವಗಲ್ಲಿನ ಹತ್ತಿರ ಸಿಗ್ನಲ್ ಹೋಯಿತು. ಮತ್ತೆ ಬಂದಾಗ ಒಂದು ನಾಯಿ ಚಪ್ಪಲಿ ಮೂಸುತ್ತಿತ್ತು. ‘ಬಾಗಿಲಲ್ಲಿ ಚಲನೆ’ ಎಂದಿತು ಫೋನು. ಮಾತಾಡುವ ಗುಂಡಿ ಒತ್ತಿ "ತಾತ" ಎಂದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ತಿರುಗಿ ನೋಡಿದಳು. ನಾಯಿ ಓಡಿಹೋಯಿತು.

ಮನೆ ಮುಟ್ಟಿದಾಗ ಕಮಲಾಕ್ಷಮ್ಮ ತಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದರು. "ಇದೇನವ್ವ, ಇಷ್ಟ್ ಬೇಗ? ಕಳ್ಳ ಏನಾದ್ರೂ ಸಿಕ್ನಾ?" ಎಂದು ನಕ್ಕರು. ಭಾಗ್ಯ ಇಲ್ಲ ಎಂದು ತಲೆಯಾಡಿಸಿ ಗೇಟಿನೊಳಗೆ ನಡೆದಳು. ಬಾಗಿಲು ದೂಡಿದಳು. ಅಡುಗೆಮನೆಯಿಂದ ಒಂದು ಲೋಟ ನೀರು ಹಿಡಿದು ಹಿತ್ತಿಲ ಬಾಗಿಲು ತೆಗೆದಳು.

ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಗೋಡೆಯ ಅಂಗೈಯಗಲದ ನೆರಳಿನಲ್ಲಿ ಜವರಪ್ಪ ಕುಕ್ಕರುಗಾಲಲ್ಲಿ ಕೂತಿದ್ದ. ಕಲ್ಲಿನ ಮೇಲೆ ಕೂರಬಹುದಿತ್ತು. ಟವೆಲು ಇನ್ನೂ ಕಂಕುಳಲ್ಲೇ ಇತ್ತು. ತುಟಿಗಳು ಒಣಗಿ ಬಿಳಿಚಿದ್ದವು. ಪಾದದ ಅಂಚು ಕೆಂಪಾಗಿತ್ತು.

"ತಾತ."

ಅವನು ಅವಳ ಮುಖದತ್ತ ಕಣ್ಣೆತ್ತಲಿಲ್ಲ, ಲೋಟ ನೋಡಿದ. "ಒಸಿ ನೀರ್ ಹುಯ್ಯವ್ವ. ಗಂಟ್ಲು ಒಣಗೋಗೈತೆ."

"ತಗೋ ತಾತ." ಲೋಟವನ್ನು ಅವನ ಕೈಗೆ ಮುಟ್ಟಿಸಿದಳು. ಬಿಸಿ ಪಾತ್ರೆ ತಾಗಿದಂತೆ ಅವನು ಬೆರಳು ಎಳೆದುಕೊಂಡ. ಎರಡೂ ಅಂಗೈ ಸೇರಿಸಿ, ಬಾಯಿಗೆ ಹಿಡಿದು, ಮುಂದಕ್ಕೆ ಬಾಗಿ ಕಾದ.

"ಲೋಟದಲ್ಲೇ ಕುಡಿ ತಾತ. ನಿನ್ನ ಲೋಟನೇ. ನೋಡು, ನಿನ್ನ ಹೆಸರೂ ಐತೆ."

ಬೊಗಸೆ ಹಾಗೇ ಇತ್ತು. ಒಣಗಿದ ಗಂಟಲು ನುಂಗುವುದು ಕಾಣುತ್ತಿತ್ತು. ಫೋನು ಅವಳ ಬ್ಯಾಗಿನಲ್ಲಿ ಮಿಡಿಯಿತು, ಲಕ್ಷ್ಮೀಶ ಬಂದಿರಬೇಕು. ಓಣಿಯಲ್ಲಿ ಹೆಜ್ಜೆಯ ಸದ್ದಾಗಿ, ಮೂಲೆಯಲ್ಲಿ ನಿಂತುಹೋಯಿತು. ಅವಳು ತಿರುಗಿದಳು. ಅಪ್ಪ ಆಫೀಸಿನ ಬಟ್ಟೆಯಲ್ಲೇ ಇದ್ದ, ಕೊರಳಿನಲ್ಲಿ ಮೀಟಿಂಗಿನ ಹೆಸರುಪಟ್ಟಿ ನೇತಾಡುತ್ತಿತ್ತು. ಒಂದು ಕೈಯಲ್ಲಿ ಆ ಜೊತೆ ಚಪ್ಪಲಿ ಹಿಡಿದಿದ್ದ. ಮುಂದೆ ಬರಲಿಲ್ಲ.

"ಗಾಡಿ ಹೊಂಟ್ತಾ ಅವ್ವ?" ಬೊಗಸೆಯೊಳಗಿನಿಂದ ಜವರಪ್ಪ ಕೇಳಿದ.

ಭಾಗ್ಯ ಲೋಟವನ್ನು ಎತ್ತರಕ್ಕೆ ಹಿಡಿದಳು. ಅಂದಾಜು ತಪ್ಪಿ ಮೊದಲ ನೀರು ಅವನ ಮೂಗಿನ ಮೇಲೆ ಬಿತ್ತು. ಆಮೇಲೆ ಸಣ್ಣ ಧಾರೆ ಸರಿಯಾಗಿ ಅಂಗೈಗೆ ಇಳಿಯಿತು. ಅವನು ಕಣ್ಣು ಮುಚ್ಚಿ ಕುಡಿಯುತ್ತ ಹೋದ. ಬೆರಳ ಸಂದಿಯಿಂದ ಸೋರಿದ ನೀರು ಗಡಿಯಾರದ ಗಾಜಿನ ಮೇಲೆ ಹರಿದು, ಮೊಣಕೈಯ ತುದಿಯಲ್ಲಿ ಸ್ವಲ್ಪ ಹೊತ್ತು ನಿಂತು, ಬಿಸಿ ಸಿಮೆಂಟಿನ ಮೇಲೆ ಬಿದ್ದು ಆರುತ್ತಿತ್ತು.