ಒಂದು ಹನಿ ಎಣ್ಣೆ

ನಮ್ಮ ಬೀದಿಯಲ್ಲಿ ಯಾರ ಮನೆಯ ಹೊಲಿಗೆ ಮಿಷನ್ ಕೈಕೊಟ್ಟರೂ ಕರೆಸುವುದು ಎಣ್ಣೆ ಮಾವನನ್ನೇ. ನಾನು ಅವರ ಪಕ್ಕದ ಮನೆಯವಳು, ಬಟ್ಟೆ ಹೊಲಿದು ಬದುಕುವವಳು. ನನ್ನ ಮಿಷನ್ನಿಗೆ ಇಪ್ಪತ್ತು ವರ್ಷದಿಂದ ಅವರದೇ ಕೈ. ಅಂಗಿ ಜೇಬಿನಲ್ಲಿ ಪೆನ್ನಿನ ಬದಲು ಉದ್ದ ಮೂತಿಯ ಎಣ್ಣೆ ಡಬ್ಬಿ ಇಟ್ಟುಕೊಂಡು ಓಡಾಡುವುದರಿಂದ ಆ ಹೆಸರು ಬಿತ್ತು. ಸದ್ದು ಮಾಡುತ್ತಿದೆ ಅಂದರೆ ಎಣ್ಣೆ ಕೇಳುತ್ತಿದೆ ಅಂತ ಅರ್ಥ, ಎನ್ನುವುದು ಅವರ ಮಂತ್ರ. ಆ ಮಂತ್ರ ಅವರಿಗೇ ಹೇಗೆ ಮುಳುವಾಯಿತು ಎಂಬುದನ್ನು ಹೇಳುತ್ತೇನೆ. ನಾಲ್ಕು ಜನಕ್ಕೆ ಹೇಳು ಎಂದು ಒಪ್ಪಿಗೆ ಕೊಟ್ಟವರೂ ಅವರೇ.

ಮಾವನ ಹೆಂಡತಿ, ಅಂದರೆ ನಮಗೆಲ್ಲ ಅತ್ತೆ, ಮಾತಿನ ಮಲ್ಲಿ. ಮಹಡಿ ಮೇಲೆ ನಿಂತು ಮಾತಾಡಿದರೆ ಬೀದಿ ಕೊನೆಯ ಅಂಗಡಿಯವನು ಉತ್ತರ ಕೊಡುತ್ತಿದ್ದ. ಅಂಥವರ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಡಾಕ್ಟರು. ಮಗಳು ಆಗ ಚೊಚ್ಚಲ ಬಸುರಿ.

ಅತ್ತೆ ಅಳುತ್ತಾ ಕೂರಲಿಲ್ಲ. ಆಪರೇಷನ್ನಿಗೆ ಉಳಿದಿದ್ದ ಹದಿನೆಂಟು ದಿನವೂ ಫೋನ್ ಮುಂದೆ ಕೂತು, ಹುಟ್ಟಲಿರುವ ಮಗುವಿನ ಜೊತೆ ಮಾತಾಡಿದರು. ಜೋಗುಳ ಹಾಡಿದರು, ಊಟ ಬೇಡ ಎಂದು ಹಟ ಮಾಡುವ ಮಕ್ಕಳಿಗೆ ಹೇಳುವ ಹಸಿ ಸುಳ್ಳುಗಳನ್ನೆಲ್ಲ ಹೇಳಿದರು, ಅಮ್ಮ ಬೈದರೆ ನೇರ ನನ್ನ ಹತ್ತಿರ ಬಾ ಎಂದು ಮಾತು ಕೊಟ್ಟರು. ಒಟ್ಟು ನಲವತ್ತಮೂರು ರೆಕಾರ್ಡಿಂಗ್.

ಅವೆಲ್ಲ ಹೋಗಿ ಸೇರಿದ್ದು ವೈಫೈ ಡಬ್ಬಿಯ ಪಕ್ಕದಲ್ಲಿದ್ದ ಕರಿ ಪೆಟ್ಟಿಗೆಗೆ. ಮನೆಯವರೆಲ್ಲರ ಫೋಟೊ, ಕಾಗದಪತ್ರ ಅದರಲ್ಲೇ ಇದ್ದವು. ಒಳಗೆ ಎರಡು ಡಿಸ್ಕ್. ಒಂದರಲ್ಲಿ ಇಟ್ಟದ್ದು ತಾನಾಗಿ ಇನ್ನೊಂದರಲ್ಲೂ ಕೂರುತ್ತದೆ. ತಂದು ಜೋಡಿಸಿಕೊಟ್ಟವಳು ಮಾವನ ಅಕ್ಕನ ಮಗಳು, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವಳು. ಮುಖ್ಯವಾದದ್ದರ ಇನ್ನೊಂದು ನಕಲು ಬೇರೆ ಮನೆಯಲ್ಲೂ ಇರಲಿ ಎಂದು ಆವತ್ತೇ ಹೇಳಿದ್ದಳು. ಒಂದು ಗುಂಡಿಗೆ ಎಷ್ಟು ಸಲ ದಾರ ಸುತ್ತುವುದಮ್ಮ ಎಂದು ಮಾವ ನಕ್ಕುಬಿಟ್ಟಿದ್ದರು.

ಆಪರೇಷನ್ನಿಗೆ ಎರಡು ತಿಂಗಳ ಮೊದಲೇ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿತ್ತು. ಒಂದು ಡಿಸ್ಕ್ ಸತ್ತಿದೆ, ಬೇಗ ಬದಲಿಸಿ ಎಂದು ಅದರ ಅರ್ಥ. ಫೋಟೊ ಎಲ್ಲ ಕಾಣಿಸುತ್ತಿದೆಯಲ್ಲ, ದೀಪ ಸುಮ್ಮನೆ ಕಣ್ಣಿಗೆ ಚುಚ್ಚುತ್ತದೆ ಎಂದು ಮಾವ ಅದರ ಮೇಲೆ ಕರಿ ಟೇಪ್ ಅಂಟಿಸಿದರು. ಹೀಗಾಗಿ ಅತ್ತೆಯ ದನಿ ಹೋಗಿ ಕೂತದ್ದು ಉಳಿದ ಒಂದೇ ಡಿಸ್ಕಿನಲ್ಲಿ. ಪೆಟ್ಟಿಗೆಯಲ್ಲಿ ಭದ್ರವಾಗಿದೆ ಎಂದು ಮಾವ ಫೋನಿನಲ್ಲಿ ಇದ್ದದ್ದನ್ನು ಅಳಿಸಿಯೂ ಬಿಟ್ಟರು.

ಆಪರೇಷನ್ ಆಯಿತು. ಅತ್ತೆ ಕತ್ತಿಗೆ ಬಟ್ಟೆ ಸುತ್ತಿಕೊಂಡು, ಕೈಯಲ್ಲಿ ಸ್ಲೇಟು ಹಿಡಿದು ಮನೆಗೆ ಬಂದರು. ಗೋಡೆಯಾಚೆಯಿಂದ ದಿನವೂ ಕೇಳುತ್ತಿದ್ದ ದನಿ ಇಲ್ಲದೆ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ.

ಮೂರನೆಯ ವಾರ ಪೆಟ್ಟಿಗೆಯಿಂದ ಟಕ್ ಟಕ್ ಎಂಬ ಸದ್ದು ಶುರುವಾಯಿತು. ಯಾವುದೂ ತೆರೆಯುತ್ತಿಲ್ಲ. ಮಾವ ಹತ್ತು ಸಲ ಆರಿಸಿ ಹಾಕಿದರು. ಪ್ರತಿ ಸಲವೂ ಒಳಗಿನ ಗಾಯ ದೊಡ್ಡದಾಗುತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ. ಕೊನೆಗೆ ಸದ್ದು ಮಾಡುತ್ತಿದ್ದ ಡಿಸ್ಕನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟು, ಸಣ್ಣ ಸಣ್ಣ ಸ್ಕ್ರೂ ಬಿಚ್ಚಿದರು. ಒಳಗೆ ಕನ್ನಡಿಯಂಥ ತಟ್ಟೆ. ಅದನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ನಡುವೆ ಒಂದೇ ಒಂದು ಹನಿ ಎಣ್ಣೆ ಬಿಟ್ಟರು. ಅಷ್ಟು ಪ್ರೀತಿಯಿಂದ ಅವರು ಯಾವ ಮಿಷನ್ನನ್ನೂ ಮುಟ್ಟಿದ್ದನ್ನು ನಾನು ಕಂಡಿಲ್ಲ. ಬಾಗಿಲಲ್ಲೇ ನಿಂತಿದ್ದೆ, ಬೇಡ ಅನ್ನಲಿಲ್ಲ. ನನಗೂ ಅದೇ ಸರಿ ಅನಿಸಿತ್ತು.

ಮುಚ್ಚಳವಿಲ್ಲದೆ ಹಾಗೇ ಪೆಟ್ಟಿಗೆಗೆ ಸಿಕ್ಕಿಸಿ ಮತ್ತೆ ಹಾಕಿ ನೋಡಿದರು. ಅಕ್ಕನ ಮಗಳು ಬರುವಷ್ಟರಲ್ಲಿ ಟಕ್ ಟಕ್ ನಿಂತಿತ್ತು. ಸದ್ದು ನಿಲ್ಲಿಸಿದ್ದೇನೆ ನೋಡು ಎಂದು ಮಾವ ಹೆಮ್ಮೆಯಿಂದಲೇ ತೋರಿಸಿದರು. ಅವಳು ತೆರೆದ ಡಿಸ್ಕನ್ನು ನೋಡಿ ಕುರ್ಚಿ ಎಳೆದುಕೊಂಡು ಕೂತಳು.

"ಇದನ್ನ ಬಿಚ್ಚಿದ್ದು ಯಾರು ಮಾವ?"

"ನಾನೇ. ಸದ್ದು ಮಾಡ್ತಿತ್ತಲ್ಲ."

"ಅದು ಎಣ್ಣೆ ಕೇಳಿದ್ದಲ್ಲ ಮಾವ. ನನ್ನ ಮುಟ್ಟಬೇಡಿ ಅಂತ ಹೇಳಿದ್ದು."

ಆಮೇಲೆ ನಿಧಾನವಾಗಿ ವಿವರಿಸಿದಳು. ಆ ತಟ್ಟೆಯನ್ನು ಓದುವ ಸೂಜಿ ಕೂದಲೆಳೆಗಿಂತಲೂ ಕಡಿಮೆ ಎತ್ತರದಲ್ಲಿ ತೇಲುತ್ತದೆ, ಅದಕ್ಕೆ ಒಂದು ಕಣ ಧೂಳೂ ಬಂಡೆಯೇ. ಅದನ್ನು ಬಿಚ್ಚಲು ಧೂಳಿಲ್ಲದ ಬೇರೆ ಕೋಣೆಯೇ ಬೇಕು. ಮೊದಲ ಟಕ್ ಕೇಳಿದಾಗಲೇ ಆರಿಸಿ ತಂದಿದ್ದರೆ ಉಳಿಯುವ ಆಸೆ ಇತ್ತು. ಟೇಪಿನ ವಿಷಯ ಕೇಳಿದಾಗ ಎದ್ದು ಹೋಗಿ ಅದನ್ನು ಉಗುರಿನಿಂದ ಕಿತ್ತು ತೆಗೆದಳು. ಎರಡು ಡಿಸ್ಕನ್ನೂ ಬೇರೆ ಬೇರೆ ಕವರಿಗೆ ಹಾಕಿ, ಅಂಥ ಕೋಣೆ ಇರುವ ಕಡೆಗೆ ಕಳಿಸಿದಳು.

ಆರು ವಾರ ಕಾದೆವು. ಮೊದಲೇ ಸತ್ತಿದ್ದ ಡಿಸ್ಕಿನಿಂದ ಹೆಚ್ಚುಕಡಿಮೆ ಎಲ್ಲ ಬಂತು: ಮದುವೆಯ ಫೋಟೊ, ಮಗಳ ಶಾಲೆಯ ಫೋಟೊ, ಮನೆಯ ಕಾಗದ. ಕೆಂಪು ದೀಪ ಹತ್ತಿದ ದಿನಕ್ಕೆ ಎಲ್ಲ ನಿಂತಿತ್ತು. ಎಣ್ಣೆ ಬಿದ್ದ ಡಿಸ್ಕಿನಿಂದ ಒಂದು ಅಕ್ಷರವೂ ಬರಲಿಲ್ಲ.

ಅತ್ತೆ ಸ್ಲೇಟಿನಲ್ಲಿ ಬರೆದರು: ಫೋಟೊ ಬಂತಲ್ಲ, ಬಿಡಿ. ಮಾವ ಅದನ್ನು ಓದಿ ಮಗುವಿನ ಹಾಗೆ ಗೊಳೋ ಎಂದು ಅತ್ತರು. ಅತ್ತೆಯೂ ಅತ್ತರು. ಅವರ ಅಳು ಯಾರಿಗೂ ಕೇಳಿಸಲಿಲ್ಲ.

ಉಳಿದದ್ದು ಒಂದೇ. ರೆಕಾರ್ಡ್ ಸರಿಯಾಗಿ ಆಗುತ್ತದೋ ಇಲ್ಲವೋ ನೋಡಲು ಮೊದಲ ದಿನ ಅತ್ತೆ ಅಕ್ಕನ ಮಗಳಿಗೆ ಒಂದು ತುಣುಕು ಕಳಿಸಿದ್ದರು. ಅದು ಅವಳ ಫೋನಿನಲ್ಲಿ ಸಿಕ್ಕಿತು. "ಹಲೋ, ಕೇಳಿಸ್ತಿದೆಯೇನೇ? ರೀ, ಆ ಮಿಷನ್ ಒಂದ್ನಿಮಿಷ ನಿಲ್ಸಿ." ಹಿಂದೆ ಮಾವನ ಮಿಷನ್ನಿನ ಕಟಕಟ. ಎಂಟು ಸೆಕೆಂಡು. ಜೋಗುಳವಿಲ್ಲ, ಹಸಿ ಸುಳ್ಳಿಲ್ಲ, ಕೊಟ್ಟ ಮಾತಿಲ್ಲ. ಆ ಎಂಟು ಸೆಕೆಂಡು ಈಗ ಮೂರು ಕಡೆ ಇದೆ: ಅಕ್ಕನ ಮಗಳ ಅಂಗಡಿಯಲ್ಲಿ, ಮಗಳ ಮನೆಯಲ್ಲಿ, ನನ್ನ ಬೀರುವಿನಲ್ಲಿ.

ಮೊಮ್ಮಗಳಿಗೆ ಈಗ ಏಳು ತಿಂಗಳು. ದಿನವೂ ಅದನ್ನು ಕೇಳಿಸುತ್ತಾರೆ. "ಕೇಳಿಸ್ತಿದೆಯೇನೇ" ಎಂದ ಕೂಡಲೇ ಕೂಸು ನಗುತ್ತಾ ತಿರುಗುತ್ತದೆ, ಫೋನಿನ ಕಡೆಗೆ. ಆ ದನಿ ಪಕ್ಕದಲ್ಲೇ ಕೂತ ಅಜ್ಜಿಯದು ಎಂದು ಅದಕ್ಕೆ ಇನ್ನೂ ಗೊತ್ತಿಲ್ಲ.

ಮಾವ ಈಗ ಯಾರ ಮನೆಗೆ ಹೋದರೂ ಎಣ್ಣೆ ಡಬ್ಬಿ ತೆಗೆಯುವ ಮೊದಲು, ನಿಮ್ಮ ಫೋನಿನಲ್ಲಿ ಇರುವುದು ಇನ್ನೆಲ್ಲೆಲ್ಲಿ ಇದೆ ಎಂದು ಕೇಳುತ್ತಾರೆ. ಉತ್ತರ ಬರುವವರೆಗೆ ಮಿಷನ್ ಮುಟ್ಟುವುದಿಲ್ಲ. ಕೆಲವರು ನಗುತ್ತಾರೆ. ಮಾವನೂ ಒಂದು ಕಾಲದಲ್ಲಿ ನಕ್ಕವರೇ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ದೀಪ ಕೆಂಪಾದರೆ ಮುಚ್ಚಬೇಡಿ, ತಿಳಿದವರನ್ನು ಆವತ್ತೇ ಕರೆಯಿರಿ. ಸದ್ದು ಬಂದರೆ ಆರಿಸಿ, ಮತ್ತೆ ಹಾಕಬೇಡಿ, ಎಷ್ಟೇ ಕೈಚಳಕ ಇದ್ದರೂ ಬಿಚ್ಚಬೇಡಿ. ಒಂದು ಪೆಟ್ಟಿಗೆಯೊಳಗೆ ಎರಡು ಡಿಸ್ಕ್ ಇದ್ದರೂ ಅದು ಒಂದೇ ಜಾಗ. ಇನ್ನೊಂದು ನಕಲು ಬೇರೆ ಸೂರಿನಡಿ ಇರಲಿ. ನಿಮ್ಮವರ ದನಿ ಈ ಹೊತ್ತು ಎಷ್ಟು ಕಡೆ ಇದೆ, ಎಣಿಸಿ ನೋಡಿ. ಒಂದೇ ಕಡೆ ಇದ್ದರೆ ಈ ಕಾಗದ ಕೆಳಗಿಟ್ಟು ಈಗಲೇ ಏಳಿ.