ಮಗ್ಗುಲಿನಿಂದ ನೋಡಿದ ಕೈ

"ಉಳುಕು ಅಂದ್ಮೇಲೆ ಉಳುಕು! ನನಗೇ ಪಾಠ ಹೇಳೋಕೆ ಬಂದ್ಯಾ?" ಮೂಳೆ ಡಾಕ್ಟರು ಮೇಜು ಗುದ್ದಿದರು.

"ಪಾಠ ಯಾಕ್ ಸಾರ್? ಕೈ ತಂದಿದ್ದೀನಿ, ನೋಡಿ ಅಂತಿದ್ದೀನಿ," ಎಂದ ಗಾರೆಯವನು.

ಎರಡನೇ ಮಹಡಿಗೆ ಕಟ್ಟಿದ್ದ ಬೊಂಬಿನ ಸಾರುವೆಯಿಂದ ಬಲ ಅಂಗೈ ಊರಿ ಬಿದ್ದು ಅವನಿಗೆ ಆರು ದಿನವಾಗಿತ್ತು. ಮಣಿಕಟ್ಟು ಬನ್ನಿನಂತೆ ಊದಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿ, ಚಿವುಟಿದರೂ ಬೇರೆ ಯಾರದೋ ಬೆರಳಿನಂತೆ ಸುಮ್ಮನಿದ್ದವು. ಗಾರೆ ಮೆತ್ತುವ ಕರಣೆ ಹಿಡಿದರೆ ಜಾರಿ ಕಾಲ ಮೇಲೆ ಬೀಳುತ್ತಿತ್ತು. ಕರಣೆ ಹಿಡಿಯದ ಗಾರೆಯವನನ್ನು ಯಾರು ಕೆಲಸಕ್ಕೆ ಕರೆಯುತ್ತಾರೆ?

ಡಾಕ್ಟರದು ಒಂದು ನೇಮ. ಮಣಿಕಟ್ಟಿಗೆ ಒಂದೇ ಎಕ್ಸ್‌ರೇ, ಅದೂ ಎದುರಿನಿಂದ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಎರಡು ಸಲ ಕೆಮ್ಮಿ, "ಉಳುಕು" ಎಂದು ಬರೆಯುವುದು. ಇಪ್ಪತ್ತು ವರ್ಷದಲ್ಲಿ ಅವರ ಮಾತು ಒಮ್ಮೆಯೂ ತಪ್ಪಿರಲಿಲ್ಲ. ತಾಳೆ ನೋಡಲು ಎರಡನೇ ಚಿತ್ರವೇ ಇರುತ್ತಿರಲಿಲ್ಲವಲ್ಲ.

"ಸಾರ್, ಗೋಡೆ ಹೊಟ್ಟೆ ಬಿಟ್ಟಿದ್ಯಾ ಅಂತ ನಾವು ಎದುರಿಗೆ ನಿಂತು ನೋಡಲ್ಲ. ಪಕ್ಕಕ್ಕೆ ಹೋಗಿ ಒಂದು ಕಣ್ಣು ಮುಚ್ಚಿ ನೋಡ್ತೀವಿ. ನನ್ನ ಕೈನೂ ಒಂದ್ಸಲ ಹಾಗೆ ನೋಡಿ."

"ಕೇಳಿದ್ಯೇನಮ್ಮ? ಗಾರೆಯವರು ಮೂಳೆ ನೋಡೋ ಕಾಲ ಬಂತು!" ಡಾಕ್ಟರು ಎಕ್ಸ್‌ರೇ ತೆಗೆಯುವಾಕೆಯತ್ತ ತಿರುಗಿ ನಕ್ಕರು.

ಆಕೆ ನಗಲಿಲ್ಲ. ಪಕ್ಕದಿಂದಲೂ ಒಂದು ಚಿತ್ರ ತೆಗೆಯೋಣವೆಂದು ಹೇಳಿ ಹೇಳಿ ಬಾಯಿ ಸೋತಿದ್ದ ಹೆಂಗಸು. "ಬಾರಣ್ಣ," ಎಂದು ಅವನನ್ನು ಪಕ್ಕದ ಕೋಣೆಗೆ ಕರೆದೊಯ್ದು, ಕೈಯನ್ನು ಕಿರುಬೆರಳಿನ ಅಂಚಿನ ಮೇಲೆ ನಿಲ್ಲಿಸಿ ಚಿತ್ರ ತೆಗೆದೇಬಿಟ್ಟಳು. ಹಿಂದೆಯೇ ಬಂದ ಡಾಕ್ಟರಿಗೆ ಅದರ ಮೇಲೆ ಬೆರಳಿಟ್ಟು ತೋರಿಸಿದಳು. ಮಣಿಕಟ್ಟಿನ ನಡುವೆ ಕೂತಿರಬೇಕಾದ ಅರ್ಧಚಂದ್ರದಂಥ ಪುಟ್ಟ ಮೂಳೆ, ಉರುಳಿದ ಬಟ್ಟಲಿನ ಹಾಗೆ ಅಂಗೈ ಕಡೆಗೆ ಮಗುಚಿಕೊಂಡಿತ್ತು.

"ಕೀಲು ತಪ್ಪಿದೆ ಸಾರ್. ನರ ಅದುಮ್ತಿರೋದೂ ಈ ಮೂಳೆನೇ. ಇವತ್ತೇ ಕೂರಿಸ್ಬೇಕು, ಮೂಳೆಗಳನ್ನ ಹಿಡಿದಿಡೋ ಹರಿದ ನಾರುಗಳನ್ನ ಹೊಲಿದು ತಂತಿ ಹಾಕ್ಬೇಕು. ತಡ ಆದಷ್ಟೂ ಬೆರಳಿನ ಆಸೆ ಬಿಟ್ಟ ಹಾಗೇ."

ಡಾಕ್ಟರ ಮುಖ ಕಳೆಗುಂದಿತು. ಚಿತ್ರವನ್ನು ಹಿಂದೆ ಮುಂದೆ ತಿರುವಿ ಕೇಳಿದರು: "ಇದಕ್ಕೆ ನನ್ನ ಚೀಟಿ ಎಲ್ಲಿ?"

"ಚೀಟಿ ಇಲ್ಲ ಸಾರ್."

"ಚೀಟಿ ಇಲ್ಲದ ಚಿತ್ರ ಚಿತ್ರವೇ ಅಲ್ಲ. ಅರ್ಜಿ ಬರೀಲಿ, ಸೋಮವಾರ ಸಮಿತಿ ಕೂರುತ್ತೆ. ಅಲ್ಲೀವರೆಗೂ ಇದು ಉಳುಕೇ. ಬೆರಳು ಆಡಿಸ್ತಾ ಇರಪ್ಪ."

"ಆಡಿದ್ರೆ ತಾನೇ ಆಡಿಸೋದು!" ಗಾರೆಯವನ ಪಿತ್ತ ನೆತ್ತಿಗೇರಿತು. "ನಿಮ್ಮ ಮಾತು ಉಳಿಸೋಕೆ ನನ್ನ ಕೈ ಸಾಯ್ಬೇಕಾ? ಅಕ್ಕಾ, ಇದನ್ನ ಸರಿಮಾಡೋರು ಎಲ್ಲಿದ್ದಾರೆ?"

"ಸೇತುವೆ ಆಚೆ ದೊಡ್ಡಾಸ್ಪತ್ರೆಲಿ. ಕೈಗೇ ಅಂತ ಒಬ್ಬರು ಡಾಕ್ಟರಮ್ಮ ಇದ್ದಾರೆ. ಏನೂ ತಿನ್ಬೇಡ, ಕುಡೀಬೇಡ, ನೆಟ್ಟಗೆ ಹೋಗು." ಆಕೆ ಫಿಲ್ಮನ್ನು ಅವನ ಎಡ ಕಂಕುಳಿಗೆ ಸಿಕ್ಕಿಸಿದಳು.

"ಏಯ್, ಆ ಚಿತ್ರ ಆಸ್ಪತ್ರೆ ಸ್ವತ್ತು!"

"ಚಿತ್ರವೇ ಅಲ್ಲ ಅಂದ್ರಲ್ಲ ಸಾರ್," ಎಂದು ಅವನು ಬಾಗಿಲನ್ನು ಭುಜದಿಂದ ದೂಡಿ ಹೊರಬಿದ್ದ. ಬೆಂಚಿನ ಮೇಲೆ ಕಟ್ಟು ಕಟ್ಟಿಸಿಕೊಂಡು ಕೂತಿದ್ದವರೆಲ್ಲ ತಂತಮ್ಮ ಕೈಯನ್ನು ಮಗ್ಗುಲಿಗೆ ತಿರುಗಿಸಿ ನೋಡಿಕೊಂಡರು.

ಸೋಮವಾರ ಸಮಿತಿ ಕೂತು ಅವನನ್ನು ಮೂರು ಸಲ ಕೂಗಿಸಿತು. ಅವನು ಬರಲಿಲ್ಲ.